ಎರಡನೇ ಕಾರಿನ ಹುಡುಗರು

2025ರ ಮಾರ್ಚ್‌ನಲ್ಲಿ ಲಿಯಾಮ್ ಲಾಸನ್‌ಗೆ ಫಾರ್ಮುಲಾ ಒನ್‌ನ ರೆಡ್‌ಬುಲ್ ತಂಡ ಕೊಟ್ಟಿದ್ದು ಎರಡೇ ಎರಡು ರೇಸ್. ಮೆಲ್ಬರ್ನ್‌ನ ಅರ್ಹತಾ ಸುತ್ತಿನಲ್ಲಿ ಅವರು 18ನೆಯವರಾದರು, ಮರುದಿನ ಒದ್ದೆ ಟ್ರ್ಯಾಕ್‌ನಲ್ಲಿ ಜಾರಿ ರೇಸ್‌ನಿಂದಲೇ ಹೊರಬಿದ್ದರು. ಶಾಂಘೈನಲ್ಲಿ ಸ್ಪ್ರಿಂಟ್ ಎಂಬ ಚಿಕ್ಕ ರೇಸ್‌ಗೂ ಮುಖ್ಯ ರೇಸ್‌ಗೂ ನಡೆದ ಅರ್ಹತಾ ಸುತ್ತುಗಳಲ್ಲಿ ಕಟ್ಟಕಡೆಯವರು. ಅದೇ ತಂಡದ ಇನ್ನೊಂದು ಕಾರಿನಲ್ಲಿ ಮ್ಯಾಕ್ಸ್ ವೆರ್‌ಸ್ಟಾಪನ್ ಒಂದು ರೇಸ್ ಅನ್ನು ಎರಡನೆಯವರಾಗಿ, ಇನ್ನೊಂದನ್ನು ನಾಲ್ಕನೆಯವರಾಗಿ ಮುಗಿಸಿದ್ದರು. ಮೂರನೇ ರೇಸ್ ಬರುವಷ್ಟರಲ್ಲಿ 23ರ ಲಾಸನ್ ಅವರನ್ನು ಕಿರಿಯ ತಂಡ ರೇಸಿಂಗ್ ಬುಲ್ಸ್‌ಗೆ ವಾಪಸ್ ಕಳಿಸಿ, ಅಲ್ಲಿದ್ದ ಯೂಕಿ ತ್ಸುನೋಡಾ ಅವರನ್ನು ಆ ಸೀಟಿಗೆ ತಂದು ಕೂರಿಸಲಾಯಿತು. ತವರಿನ ಸುಝುಕಾದಲ್ಲಿ ತ್ಸುನೋಡಾ ಅರ್ಹತಾ ಸುತ್ತಿನಲ್ಲಿ 15ನೇ ಸ್ಥಾನಕ್ಕೆ ನಿಂತರು. ಪೋಲ್, ಅಂದರೆ ಮೊದಲ ಸ್ಥಾನ, ಹಿಡಿದು ರೇಸ್ ಗೆದ್ದವರು ವೆರ್‌ಸ್ಟಾಪನ್. ವರ್ಷ ಮುಗಿದಾಗ ಒಬ್ಬರ ಅಂಕ 421, ಇನ್ನೊಬ್ಬರದು 33.

ಫಾರ್ಮುಲಾ ಒನ್‌ನಲ್ಲಿ ಪ್ರತಿ ತಂಡವೂ ತನ್ನ ಕಾರನ್ನು ತಾನೇ ಕಟ್ಟುತ್ತದೆ. ಹಾಗಾಗಿ ಫೆರಾರಿಯ ಚಾಲಕನನ್ನು ವಿಲಿಯಮ್ಸ್ ಚಾಲಕನ ಪಕ್ಕದಲ್ಲಿಟ್ಟು ಅಳೆದರೆ ನಾವು ಅಳೆಯುವುದು ಅರ್ಧಕ್ಕಿಂತ ಹೆಚ್ಚು ಕಾರನ್ನೇ. ಒಂದೇ ಕಾರು, ಒಂದೇ ಎಂಜಿನ್ ಎರಡೂ ಇರುವುದು ತಂಡದ ಜೊತೆಗಾರನ ಬಳಿ ಮಾತ್ರ. ಮೊದಲು ಸೋಲಿಸಬೇಕಾದವನು ಪಕ್ಕದ ಗ್ಯಾರೇಜಿನವನು ಎಂಬ ಮಾತು ಅಲ್ಲಿ ಚಾಲ್ತಿಗೆ ಬಂದಿರುವುದು ಇದಕ್ಕೇ. ಇದಕ್ಕಿಂತ ಒಳ್ಳೆಯ ಅಳತೆ ನಮ್ಮಲ್ಲಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ರೆಡ್‌ಬುಲ್‌ನ ಎರಡನೇ ಸೀಟಿನ ಕಥೆಯನ್ನು ಹತ್ತಿರದಿಂದ ನೋಡಿದರೆ ಆ ಅಳತೆಗೋಲೇ ಒಬ್ಬರ ಕೈಗೆ ತಕ್ಕಂತೆ ಬಾಗಿರುವುದು ಕಾಣುತ್ತದೆ.

2019ರ ನಡುವಿನಿಂದ 2020ರ ಕೊನೆಯವರೆಗೆ ಆ ಸೀಟಿನಲ್ಲಿದ್ದ ಅಲೆಕ್ಸ್ ಆಲ್ಬನ್ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಕಂಪ್ಯೂಟರ್ ಮೌಸ್‌ನ ಸೂಕ್ಷ್ಮತೆಯನ್ನು ಕೊನೆಯ ಮಟ್ಟಕ್ಕೆ ಏರಿಸಿದರೆ ಬೆರಳು ಅಲುಗಿದಷ್ಟಕ್ಕೇ ಬಾಣದ ಗುರುತು ಪರದೆಯ ಆಚೆ ತುದಿಗೆ ಹಾರುತ್ತದಲ್ಲ, ವೆರ್‌ಸ್ಟಾಪನ್ ಇಷ್ಟಪಡುವ ಕಾರಿನ ಸ್ಟೇರಿಂಗ್ ಹಾಗಿರುತ್ತದೆ ಎಂದರು ಅವರು. ತಿರುವಿನಲ್ಲಿ ಕಾರಿನ ಮೂತಿ ಥಟ್ಟನೆ ಒಳಗೆ ನುಗ್ಗಬೇಕು. ಅದಕ್ಕೆ ಬೆಲೆಯಾಗಿ ಹಿಂದಿನ ಚಕ್ರಗಳು ಸಡಿಲವಾಗುತ್ತವೆ, ಕಾರು ಯಾವ ಕ್ಷಣದಲ್ಲಾದರೂ ಗಿರಕಿ ಹೊಡೆಯಬಹುದು. ವೆರ್‌ಸ್ಟಾಪನ್ ಅದನ್ನು ಹಿಡಿದು ನಿಲ್ಲಿಸುತ್ತಾರೆ, ಆ ಅಂಚಿನಲ್ಲೇ ಅವರಿಗೆ ವೇಗ ಸಿಗುತ್ತದೆ. ಉಳಿದವರಿಗೆ ಕಾರಿನ ಮೇಲಿನ ನಂಬಿಕೆ ಕುಸಿಯುತ್ತದೆ. ನಂಬಿಕೆಯಿಲ್ಲದವರು ಬ್ರೇಕ್ ಅನ್ನು ಒಂದಿಷ್ಟು ಬೇಗ ಒತ್ತುತ್ತಾರೆ, ಆಕ್ಸಿಲರೇಟರ್ ಅನ್ನು ಒಂದಿಷ್ಟು ತಡವಾಗಿ ತುಳಿಯುತ್ತಾರೆ. 2025ರಲ್ಲಿ ಇಪ್ಪತ್ತು ಕಾರುಗಳು ಸುಮಾರು ಒಂದೂವರೆ ಸೆಕೆಂಡಿನೊಳಗೆ ಒತ್ತಿಕೊಂಡಿದ್ದಾಗ ಅರ್ಧ ಸೆಕೆಂಡ್ ಹೋದರೆ ಹತ್ತು ಸ್ಥಾನವೂ ಹೋಗಬಹುದಿತ್ತು.

ಎರಡನೇ ಕಾರನ್ನು ಯಾರೋ ಬೇಕೆಂದೇ ಕೆಡಿಸಿದರು ಎಂದು ನಾನು ಹೇಳುತ್ತಿಲ್ಲ. ಗೆಲುವು ತರುವ ಚಾಲಕ ಯಾವ ದಿಕ್ಕು ತೋರಿಸುತ್ತಾನೋ ಎಂಜಿನಿಯರ್‌ಗಳು ಆ ದಿಕ್ಕಿಗೆ ಕಾರನ್ನು ಬೆಳೆಸುತ್ತಾರೆ, ಅದು ಸಹಜ. ಹೊಸ ಬಿಡಿಭಾಗ ಒಂದೇ ಸೆಟ್ ತಯಾರಾಗಿದ್ದರೆ ಅದು ಮೊದಲನೇ ಕಾರಿಗೇ ಹೋಗುತ್ತದೆ. 2025ರಲ್ಲಿ ಇಮೋಲಾದ ಅರ್ಹತಾ ಸುತ್ತಿನಲ್ಲಿ ಕಾರು ಪಲ್ಟಿ ಹೊಡೆದ ಮೇಲೆ ತ್ಸುನೋಡಾ ಕೆಲಕಾಲ ಹಳೆಯ ಭಾಗಗಳಲ್ಲೇ ಓಡಿಸಬೇಕಾಯಿತು. ಟಿವಿಯ ಅಂಕಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ಆಲ್ಬನ್‌ಗೆ ಮುನ್ನ ಆ ಸೀಟಿನಲ್ಲಿದ್ದ ಪಿಯೆರ್ ಗ್ಯಾಸ್ಲಿ ಅವರದು ನನ್ನನ್ನು ಹೆಚ್ಚು ಕಾಡುವ ಪ್ರಕರಣ. 2019ರಲ್ಲಿ 12 ರೇಸ್‌ಗಳಲ್ಲಿ ಅವರ ಗಳಿಕೆ 63 ಅಂಕ, ವೆರ್‌ಸ್ಟಾಪನ್ ಅವರದು 181. ಆಸ್ಟ್ರಿಯಾ, ಹಂಗೇರಿಗಳಲ್ಲಿ ತಮ್ಮದೇ ತಂಡದ ಕಾರು ಅವರನ್ನು ಪೂರ್ತಿ ಒಂದು ಸುತ್ತು ದಾಟಿ ಹೋಯಿತು. ಬೇಸಿಗೆ ಬಿಡುವಿನಲ್ಲೇ ಹಿಂಬಡ್ತಿ. ಅದೇ ವರ್ಷದ ನವೆಂಬರ್‌ನಲ್ಲಿ, ಆಗ ಟೊರೊ ರೊಸೊ ಎಂಬ ಹೆಸರಿದ್ದ ಕಿರಿಯ ತಂಡದ ದುರ್ಬಲ ಕಾರಿನಲ್ಲಿ, ಬ್ರೆಜಿಲ್‌ನ ಕೊನೆಯ ನೇರ ಹಾದಿಯಲ್ಲಿ ಲೂಯಿಸ್ ಹ್ಯಾಮಿಲ್ಟನ್ ಅವರನ್ನು ಕೂದಲೆಳೆಯಲ್ಲಿ ಹಿಂದಿಟ್ಟು ಎರಡನೆಯವರಾದರು. ಮರುವರ್ಷ ಮೊನ್ಝಾದಲ್ಲಿ ರೇಸ್ ಅನ್ನೇ ಗೆದ್ದರು. ಅಷ್ಟು ಕಡಿಮೆ ಸಮಯದಲ್ಲಿ ಒಬ್ಬ ಚಾಲಕನಿಗೆ ಓಡಿಸುವುದು ಮರೆತುಹೋಗಿ ಮತ್ತೆ ನೆನಪಾಗುವುದಿಲ್ಲ. ಬದಲಾಗಿದ್ದು ಕಾರು. ಲಾಸನ್ ಅವರದೂ ಅದೇ ಕಥೆ: 2025ರ ಸೆಪ್ಟೆಂಬರ್‌ನಲ್ಲಿ ಬಾಕುವಿನಲ್ಲಿ ಕಿರಿಯ ತಂಡದ ಕಾರಿನಲ್ಲಿ ಐದನೆಯವರಾಗಿ ಗುರಿ ಮುಟ್ಟಿದರು. ಅವರ ಬೆನ್ನಿಗೇ ಬಂದು ಆರನೆಯವರಾದವರು ರೆಡ್‌ಬುಲ್ ಕಾರಿನಲ್ಲಿದ್ದ ತ್ಸುನೋಡಾ!

ಅಂಕಗಳು ಇನ್ನೊಂದು ರೀತಿಯಲ್ಲೂ ದಾರಿ ತಪ್ಪಿಸುತ್ತವೆ. 2015ರಲ್ಲಿ ಟೊರೊ ರೊಸೊದಲ್ಲಿ ಇಬ್ಬರು ಹೊಸಬರಿದ್ದರು, ವೆರ್‌ಸ್ಟಾಪನ್ ಮತ್ತು ಕಾರ್ಲೊಸ್ ಸೈನ್ಜ್. ಅಂಕ 49ಕ್ಕೆ 18. ಆದರೆ ಸೈನ್ಜ್ ಅವರ ಕಾರು ಪದೇ ಪದೇ ಕೈಕೊಟ್ಟಿತ್ತು, ಅರ್ಹತಾ ಸುತ್ತುಗಳಲ್ಲಿ ಇಬ್ಬರೂ ಸರಿಸಮ. ಆ 18 ಅಂಕದ ಹುಡುಗ ಮುಂದೆ ಫೆರಾರಿಗೆ ನಾಲ್ಕು ಗೆಲುವು ತಂದುಕೊಟ್ಟರು. 2017ರಲ್ಲಿ ರೆಡ್‌ಬುಲ್‌ನಲ್ಲಿ ಇದು ತಿರುಗುಮುರುಗಾಯಿತು: ಡೇನಿಯಲ್ ರಿಕಾರ್ಡೊ 200 ಅಂಕ, ವೆರ್‌ಸ್ಟಾಪನ್ 168. ಆ ವರ್ಷ ಇಬ್ಬರ ಕಾರುಗಳೂ ಹಲವು ಬಾರಿ ಕೆಟ್ಟು ನಿಂತವು. ಆದರೂ ಅರ್ಹತಾ ಸುತ್ತುಗಳಲ್ಲಿ ಹೆಚ್ಚು ಬಾರಿ ಮುಂದಿದ್ದವರು ವೆರ್‌ಸ್ಟಾಪನ್.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ರೆಡ್‌ಬುಲ್‌ನ ಇದೇ ತಾಳ್ಮೆಗೇಡಿತನ ವೆರ್‌ಸ್ಟಾಪನ್‌ಗೂ ದಾರಿ ಮಾಡಿಕೊಟ್ಟಿತ್ತು. 2016ರ ಮೇನಲ್ಲಿ ಡ್ಯಾನಿಲ್ ಕ್ವ್ಯಾಟ್ ಅವರನ್ನು ಕೆಳಗಿಳಿಸಿ 18ರ ಹುಡುಗನನ್ನು ಕೂರಿಸಿದರು, ಆತ ಸ್ಪೇನ್‌ನಲ್ಲಿ ಮೊದಲ ರೇಸ್‌ನಲ್ಲೇ ಗೆದ್ದ. ಅಂಥ ಫಲ ಒಮ್ಮೆ ಸಿಕ್ಕಿದ ಮೇಲೆ ಪ್ರತಿ ಹುಡುಗನಲ್ಲೂ ಅದನ್ನೇ ನಿರೀಕ್ಷಿಸಿದರು. ಎರಡನೇ ಸೀಟು ಗಟ್ಟಿಯಾಗದ್ದಕ್ಕೆ ತಂಡವೂ ಬೆಲೆ ತೆತ್ತಿತು. 2024ರಲ್ಲಿ ವೆರ್‌ಸ್ಟಾಪನ್ ವಿಶ್ವ ಚಾಂಪಿಯನ್ ಆದರೂ ಎರಡನೇ ಕಾರಿನಲ್ಲಿದ್ದ ಸೆರ್ಜಿಯೊ ಪೆರೆಝ್ 152 ಅಂಕಕ್ಕೆ ನಿಂತಿದ್ದರಿಂದ ತಂಡಗಳ ಪಟ್ಟಿಯಲ್ಲಿ ರೆಡ್‌ಬುಲ್ ಮೆಕ್‌ಲಾರೆನ್, ಫೆರಾರಿಗಳ ಹಿಂದೆ ಮೂರನೆಯದಾಯಿತು.

ಕಾರು ನಿಜಕ್ಕೂ ಒಂದೇ ಆಗಿರುವಲ್ಲಿ ಹೋಲಿಕೆ ಹೇಗಿರುತ್ತದೆ? ಫಾರ್ಮುಲಾ ಒನ್‌ಗೆ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರಲ್ಲಿ ಎಲ್ಲ ತಂಡಗಳಿಗೂ ಡಲ್ಲಾರಾ ಚಾಸಿ, ಮೆಕಾಕ್ರೋಮ್ ಎಂಜಿನ್. 2024ರಲ್ಲಿ ಬೆಂಗಳೂರಿನ ಕುಶ್ ಮೈನಿ ಅಲ್ಲಿ ಇನ್ವಿಕ್ಟಾ ತಂಡದಲ್ಲಿದ್ದರು, ಜೊತೆಗಾರ ಬ್ರೆಜಿಲ್‌ನ ಗೇಬ್ರಿಯಲ್ ಬೊರ್ಟೊಲೆಟೊ. ಕುಶ್ ಬಹ್ರೇನ್‌ನ ಮೊದಲ ಅರ್ಹತಾ ಸುತ್ತಿನಲ್ಲೇ ಅತಿ ವೇಗದವರಾಗಿ, ಕಾರು ತಾಂತ್ರಿಕ ನಿಯಮಕ್ಕೆ ಹೊಂದದ್ದರಿಂದ ಆ ಪೋಲ್ ಕಳೆದುಕೊಂಡರು. ಬುಡಾಪೆಸ್ಟ್‌ನಲ್ಲಿ ಸ್ಪ್ರಿಂಟ್ ಗೆಲುವು ಅವರದಾಯಿತು. ಬೊರ್ಟೊಲೆಟೊ ಮೊನ್ಝಾದಲ್ಲಿ ಕಟ್ಟಕಡೆಯಿಂದ ಹೊರಟು ಗೆದ್ದು, ಮೊದಲ ವರ್ಷದಲ್ಲೇ ಚಾಂಪಿಯನ್ ಆಗಿ 2025ಕ್ಕೆ ಫಾರ್ಮುಲಾ ಒನ್‌ಗೇ ಹೋದರು. ಇಲ್ಲಿ ಕಾರನ್ನು ದೂರಲು ಜಾಗ ಕಡಿಮೆ. ಒಂದು ಸುತ್ತಿನ ವೇಗ ಕುಶ್‌ಗೆ ಇತ್ತು, ವಾರದಿಂದ ವಾರಕ್ಕೆ ಅದನ್ನು ಉಳಿಸಿಕೊಳ್ಳುವುದರಲ್ಲಿ ಬೊರ್ಟೊಲೆಟೊ ಮೇಲುಗೈ ಸಾಧಿಸಿದರು. ನಮ್ಮೂರಿನ ಹುಡುಗ ಎಂಬ ಅಕ್ಕರೆಯಿದ್ದರೂ ಇದನ್ನು ಒಪ್ಪಲೇಬೇಕು. 2025ರಲ್ಲಿ ಕುಶ್ ಮೊನಾಕೊದ ಸ್ಪ್ರಿಂಟ್ ರೇಸ್ ಗೆದ್ದಾಗ ಆ ಅಕ್ಕರೆಗೆ ಗಟ್ಟಿ ಕಾರಣವೂ ಸಿಕ್ಕಿತು.

2026ಕ್ಕೆ ರೆಡ್‌ಬುಲ್ ಆರಿಸಿದ್ದು 21ರ ಇಸಾಕ್ ಹಜಾರ್ ಅವರನ್ನು. ಕಿರಿಯ ತಂಡದಲ್ಲಿ 2025ರ ಮೊದಲ ರೇಸ್‌ಗೆ ಮುನ್ನ, ಫಾರ್ಮೇಶನ್ ಸುತ್ತಿನಲ್ಲೇ ಕಾರನ್ನು ಗೋಡೆಗೆ ಗುದ್ದಿ ಅತ್ತವರು ಅವರು. ಐದೂವರೆ ತಿಂಗಳಲ್ಲಿ ಝಾಂಡ್‌ವೂರ್ಟ್‌ನ ವೇದಿಕೆಯಲ್ಲಿ ಮೂರನೆಯವರಾಗಿ ನಿಂತರು. ಅವರಿಗೆ ಸಿಕ್ಕಿರುವ ಕಾಲ ಹಿಂದಿನವರಿಗಿಂತ ಒಳ್ಳೆಯದು ಎಂದು ನನ್ನ ಅನಿಸಿಕೆ. ನಿಯಮಗಳು ಬುಡದಿಂದ ಬದಲಾಗಿವೆ. ಕಾರು ಚಿಕ್ಕದು, ಹಗುರ. ಎಂಜಿನ್ ಫೋರ್ಡ್ ಜೊತೆ ಸೇರಿ ರೆಡ್‌ಬುಲ್ ತಾನೇ ಮಾಡಿದ್ದು. ವರ್ಷಗಟ್ಟಲೆ ವೆರ್‌ಸ್ಟಾಪನ್ ಕೈಗೆ ಒಗ್ಗಿಸಿದ ಕಾರು ಅದಲ್ಲ, ಇಬ್ಬರೂ ಅದನ್ನು ಹೊಸದಾಗಿ ಕಲಿಯಬೇಕು. ಹಜಾರ್ ಅವರನ್ನು ಅಳೆಯಲು ನಾನು ಭಾನುವಾರದ ಅಂಕಗಳನ್ನು ಕಾಯುವುದಿಲ್ಲ. ಶನಿವಾರದ ಅರ್ಹತಾ ಸುತ್ತಿನಲ್ಲಿ ವೆರ್‌ಸ್ಟಾಪನ್ ಅವರಿಗಿಂತ ಸೆಕೆಂಡಿನ ಎಷ್ಟು ಹತ್ತನೇ ಭಾಗ ಹಿಂದಿದ್ದಾರೆ, ಆ ದಿನ ಇಬ್ಬರ ಕಾರಿನಲ್ಲೂ ಒಂದೇ ಭಾಗಗಳಿದ್ದವೇ, ಆ ಅಂತರ ತಿಂಗಳಿನಿಂದ ತಿಂಗಳಿಗೆ ಹಿಗ್ಗುತ್ತಿದೆಯೇ ಕುಗ್ಗುತ್ತಿದೆಯೇ, ಇವನ್ನು ನೋಡುತ್ತೇನೆ. ಮೂರು ಹತ್ತನೇ ಭಾಗದೊಳಗೆ ನಿಂತರೂ ಸಾಕು, 2019ರಿಂದ ಆ ಸೀಟಿನಲ್ಲಿ ಕೂತ ಹೆಚ್ಚಿನವರಿಗೆ ಆಗದ್ದನ್ನು ಹಜಾರ್ ಮಾಡಿದಂತೆ.