ಕಳಚುವ ರೆಕ್ಕೆಗೆ ಕಡಾಣಿ

ನೆಲದ ಮೇಲೆ ನಿಂತವರು ರೇಡಿಯೋ ಸಂಕೇತದಿಂದ ನಡೆಸುವ ಮಾದರಿ ಗ್ಲೈಡರುಗಳಲ್ಲಿ, ಅಂದರೆ ಎಂಜಿನ್ನಿನ ಬಲವಿಲ್ಲದೆ ಏರುಗಾಳಿಯನ್ನೇ ನಂಬಿ ತೇಲುವ ಪುಟ್ಟ ವಿಮಾನಗಳಲ್ಲಿ, ದೊಡ್ಡವುಗಳ ರೆಕ್ಕೆ ಈ ತುದಿಯಿಂದ ಆ ತುದಿಗೆ ನಾಲ್ಕು ಮೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಉದ್ದವಿರುತ್ತದೆ. ಇಷ್ಟುದ್ದದ ಅಖಂಡ ರೆಕ್ಕೆಯನ್ನು ಕಾರಿನಲ್ಲಾಗಲಿ ಬಸ್ಸಿನಲ್ಲಾಗಲಿ ಸಾಗಿಸಲಾಗದ ಕಾರಣ ಅದನ್ನು ಎರಡು ಅಥವಾ ಮೂರು ತುಂಡುಗಳಾಗಿ ಕಟ್ಟಿ, ಬಯಲಿಗೆ ಹೋದ ಮೇಲೆ ಜೋಡಿಸಿ, ಹಾರಾಟ ಮುಗಿದ ಬಳಿಕ ಕಳಚುವುದು ರೂಢಿ. ಜೋಡಣೆಯ ಆ ಜಾಗದಲ್ಲಿ ನಡೆಯಬೇಕಾದ ಕೆಲಸ ಎರಡು: ರೆಕ್ಕೆಯ ಮೇಲೆ ಬೀಳುವ ಭಾರವನ್ನು ಹೊರುವುದು ಒಂದು, ರೆಕ್ಕೆ ಪಕ್ಕಕ್ಕೆ ಜಾರಿ ಹೋಗದಂತೆ ಹಿಡಿಯುವುದು ಇನ್ನೊಂದು. ಎತ್ತಿನ ಬಂಡಿಯಲ್ಲಿ ಭಾರ ಹೊರುವುದು ಅಚ್ಚು, ಗಾಲಿ ಕಳಚದಂತೆ ತಡೆಯುವುದು ಅಚ್ಚಿನ ತುದಿಯ ಪುಟ್ಟ ಕಡಾಣಿ. ಗ್ಲೈಡರಿನಲ್ಲೂ ಹಾಗೆಯೇ, ಈ ಎರಡು ಕೆಲಸಗಳನ್ನು ಒಂದೆಂದು ತಿಳಿದಾಗಲೇ ಜೋಡಣೆ ಕೆಡುತ್ತದೆ.

ಅಚ್ಚಿನ ಸ್ಥಾನದಲ್ಲಿರುವುದು ಜೋಡುಸರಳು. ಉಕ್ಕಿನ ಇಲ್ಲವೇ ಕಾರ್ಬನ್ ನಾರಿನ ಈ ಸರಳು ಗ್ಲೈಡರಿನ ಒಡಲನ್ನು ಅಡ್ಡಲಾಗಿ ಹಾದು, ಎರಡೂ ರೆಕ್ಕೆಗಳ ಬುಡದಲ್ಲಿ ಕೂರಿಸಿದ ಕೊಳವೆಗಳ ಒಳಗೆ ಹೋಗಿ, ರೆಕ್ಕೆಯುದ್ದಕ್ಕೂ ಬೆನ್ನೆಲುಬಿನಂತೆ ಚಾಚಿದ ತೊಲೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಅದರ ಮೇಲೆ ಬೀಳುವ ಹೊರೆ ನೋಡುವವರ ಅಂದಾಜನ್ನು ಮೀರಿದ್ದು. ಐದು ಕಿಲೋ ತೂಕದ, ನಾಲ್ಕು ಮೀಟರ್ ಅಗಲದ ಗ್ಲೈಡರ್ ವೇಗವಾಗಿ ಇಳಿದು ಥಟ್ಟನೆ ಮೇಲೆದ್ದಾಗ ಅದರ ತೂಕ ಹತ್ತು ಪಟ್ಟಾದಂತಾದರೆ, ರೆಕ್ಕೆಗಳೆರಡೂ ಸೇರಿ 50 ಕಿಲೋ ತೂಕವನ್ನು, ಅಂದರೆ ಒಂದೊಂದು ರೆಕ್ಕೆ 25 ಕಿಲೋ ತೂಕವನ್ನು ಎತ್ತಿ ಹಿಡಿಯಬೇಕಾಗುತ್ತದೆ. ಆ ಎತ್ತುಬಲ ರೆಕ್ಕೆಯುದ್ದಕ್ಕೂ ಹರಡಿದ್ದರೂ ಅದರ ಸಾರವೆಲ್ಲ ಬುಡದಿಂದ ಸುಮಾರು 85 ಸೆಂಟಿಮೀಟರ್ ದೂರದಲ್ಲಿ ನಿಂತಂತೆ ಲೆಕ್ಕ ಹಾಕಬಹುದು. ರೆಕ್ಕೆ ಆಗ ಉದ್ದನೆಯ ಸನ್ನೆಕೋಲಿನಂತೆ ಬುಡವನ್ನು ಮೀಟುತ್ತದೆ. ಸರಳು ರೆಕ್ಕೆಯೊಳಗೆ 20 ಸೆಂಟಿಮೀಟರ್ ಮಾತ್ರ ಹೋಗಿದ್ದರೆ ಕೊಳವೆಯ ಎರಡು ತುದಿಗಳಲ್ಲಿ ಅದು ಒತ್ತುವ ಬಲ ತಲಾ 100 ಕಿಲೋ ತೂಕವನ್ನು ದಾಟುತ್ತದೆ, 30 ಸೆಂಟಿಮೀಟರ್ ಹೋಗಿದ್ದರೆ 70 ಕಿಲೋದ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಸರಳಿನ ದಪ್ಪದಷ್ಟೇ ಅದು ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದೂ ಮುಖ್ಯ. ಸರಳು ದುಂಡಗಿದ್ದರೆ ರೆಕ್ಕೆ ಅದರ ಸುತ್ತ ತಿರುಗದಂತೆ ಹಿಂಬದಿಯ ಅಂಚಿನ ಬಳಿ ಒಂದು ಸಣ್ಣ ಪಿನ್ನು ಬೇಕು. ಅದಿಲ್ಲದಿದ್ದರೆ ಎರಡು ರೆಕ್ಕೆಗಳು ಗಾಳಿಯನ್ನು ಬೇರೆ ಬೇರೆ ಕೋನದಲ್ಲಿ ಎದುರಿಸಿ ಗ್ಲೈಡರ್ ಒಂದು ಬದಿಗೆ ಉರುಳುತ್ತದೆ.

ಮೇಲಿನ 85 ಸೆಂಟಿಮೀಟರಿನ ಲೆಕ್ಕ ರೆಕ್ಕೆಯ ಮೇಲೆ ಎತ್ತುಬಲ ದೀರ್ಘವೃತ್ತದ ಆಕಾರದಲ್ಲಿ ಹಂಚಿರುತ್ತದೆ ಎಂಬ ಊಹೆಯನ್ನು ಆಧರಿಸಿದ್ದು. ಈ ಬಗೆಯ ಹಂಚಿಕೆಯನ್ನು ಗಣಿತಕ್ಕೆ ಒಗ್ಗಿಸಿದ ರೆಕ್ಕೆಯ ಸಿದ್ಧಾಂತ ಜರ್ಮನಿಯ ಗಟ್ಟಿಂಗನ್ನಿನ ಲುಡ್ವಿಗ್ ಪ್ರಾಂಟಲ್ ಅವರದು. ಅವರ ಬಳಿ 1930ರ ದಶಕದಲ್ಲಿ ಸಂಶೋಧನೆ ನಡೆಸಿ ಮರಳಿದವರಲ್ಲಿ ಕೊಲ್ಹಾಪುರ ಜಿಲ್ಲೆಯಲ್ಲಿ ಹುಟ್ಟಿದ ವಿಷ್ಣು ಮಾಧವ ಘಾಟಗೆ ಒಬ್ಬರು. ಸೊಲ್ಲಾಪುರದಲ್ಲಿ 1882ರಲ್ಲಿ ಜನಿಸಿದ ಉದ್ಯಮಿ ವಾಲಚಂದ ಹೀರಾಚಂದ ಅವರು ಮೈಸೂರು ಸಂಸ್ಥಾನದ ಸಹಯೋಗದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದಾಗ ಘಾಟಗೆಯವರು ಅಲ್ಲಿ ವಿನ್ಯಾಸಕರಾದರು. ಯುದ್ಧಕಾಲದ ಆ ದಿನಗಳಲ್ಲಿ ಅವರು ರೂಪಿಸಿದ್ದು ಹತ್ತು ಆಸನಗಳ ಜಿ-1 ಎಂಬ ಗ್ಲೈಡರ್. ಭಾರತದ್ದೇ ವಿನ್ಯಾಸದ ತರಬೇತಿ ವಿಮಾನ ಎಚ್‌ಟಿ-2 ಆಕಾಶಕ್ಕೇರಿದ್ದು ಅದರ ನಂತರ, 1951ರಲ್ಲಿ. ಸೊಲ್ಲಾಪುರದವರ ಸಾಹಸ, ಕೊಲ್ಹಾಪುರದವರ ಗಣಿತ ಮತ್ತು ಬೆಂಗಳೂರಿನ ಕಾರ್ಖಾನೆ ಒಂದು ಗ್ಲೈಡರಿನಲ್ಲಿ ಕೂಡಿದ ಈ ಸಂಗತಿ ಮಹಾರಾಷ್ಟ್ರ–ಕರ್ನಾಟಕ ಗಡಿಸೀಮೆಯ ಶಾಲೆಗಳ ಮಕ್ಕಳಿಗೆ ತಿಳಿದಿರಲೇಬೇಕಾದದ್ದು.

ರೆಕ್ಕೆ ಜಾರದಂತೆ ಹಿಡಿಯುವ ಕಡಾಣಿಯ ಕೆಲಸಕ್ಕೆ ಬೇಕಾದ ಬಲ ಜೋಡುಸರಳು ಹೊರುವ ಹೊರೆಗೆ ಹೋಲಿಸಿದರೆ ತೀರ ಚಿಕ್ಕದು. 800 ಗ್ರಾಂ ತೂಕದ ಒಂದು ರೆಕ್ಕೆಯ ಭಾರಕೇಂದ್ರ ಒಡಲಿನಿಂದ 70 ಸೆಂಟಿಮೀಟರ್ ದೂರದಲ್ಲಿದ್ದು, ಗ್ಲೈಡರ್ ಎರಡು ಸೆಕೆಂಡಿಗೆ ಒಂದು ಸುತ್ತಿನಂತೆ ಉರುಳಿದರೆ ರೆಕ್ಕೆ ಹೊರಕ್ಕೆ ಜಗ್ಗುವ ಬಲ ಸುಮಾರು ಅರ್ಧ ಕಿಲೋ ತೂಕದಷ್ಟು. ಉರುಳುವ ವೇಗ ಇಮ್ಮಡಿಯಾದರೆ ಅದು ನಾಲ್ಕು ಪಟ್ಟಾಗುತ್ತದೆ. ರೆಕ್ಕೆಗಳು ತುದಿಯ ಕಡೆಗೆ ತುಸು ಮೇಲೆದ್ದಿರುವ ಗ್ಲೈಡರಿನಲ್ಲಿ ಎತ್ತುಬಲದ ಒಂದು ಪಾಲು ಅವುಗಳನ್ನು ಒಳಕ್ಕೇ ಒತ್ತುತ್ತದೆ, ಬಾಗಿದ ಸರಳು ಕೊಳವೆಯ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ಹಾಗಿದ್ದರೂ ತಲೆಕೆಳಗಾಗಿ ಹಾರುವಾಗ ಅದೇ ಬಲ ದಿಕ್ಕು ಬದಲಿಸಿ ಹೊರಕ್ಕೆ ಎಳೆಯುತ್ತದೆ, ಗಾಳಿಯ ಹೊಡೆತಕ್ಕೆ ಭಾರ ಕ್ಷಣಕಾಲ ಇಳಿದಾಗ ಕಚ್ಚಿದ ಸರಳು ಸಡಿಲವಾಗುತ್ತದೆ, ಮತ್ತು ಅದುರಾಟದಲ್ಲಿ ರೆಕ್ಕೆ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಸರಿಯುತ್ತ ಹೋಗಬಹುದು. ಸರಿದಷ್ಟೂ ಸರಳಿನ ಹಿಡಿತ ಕಿರಿದಾಗಿ ಕೊಳವೆಯ ಮೇಲಿನ ಒತ್ತಡ ಏರುವುದರಿಂದ ಚಿಕ್ಕ ಬಲದ ಅಲಕ್ಷ್ಯ ದೊಡ್ಡ ಬಲದ ಅನಾಹುತವಾಗಿ ಪರಿಣಮಿಸುತ್ತದೆ.

ಹಿಡಿಯುವ ವಿಧಾನಗಳಲ್ಲಿ ಸರಳವಾದದ್ದು ಟೇಪು. ವಿದ್ಯುತ್ ತಂತಿಗೆ ಸುತ್ತುವ ಪಿವಿಸಿ ಟೇಪನ್ನೇ ರೆಕ್ಕೆಯ ಬುಡ ಮತ್ತು ಒಡಲು ಕೂಡುವ ಗೆರೆಯುದ್ದಕ್ಕೂ ಮೇಲೆ ಕೆಳಗೆ ಅಂಟಿಸಿದರೆ ರೆಕ್ಕೆ ನಿಲ್ಲುವುದಲ್ಲದೆ ಸಂದಿನಲ್ಲಿ ಗಾಳಿ ನುಸುಳುವುದೂ ತಪ್ಪುತ್ತದೆ. ಎರಡನೆಯದು ರೆಕ್ಕೆಗಳ ಬುಡದಲ್ಲಿ ಕೊಕ್ಕೆಗಳನ್ನಿಟ್ಟು, ಒಡಲಿನೊಳಗೆ ಅವೆರಡನ್ನೂ ರಬ್ಬರ್ ಬಳೆಯಿಂದಲೋ ಸ್ಪ್ರಿಂಗಿನಿಂದಲೋ ಪರಸ್ಪರ ಎಳೆದು ಕಟ್ಟುವುದು. ಮೂರನೆಯದು ಒಡಲಿನೊಳಗಿನಿಂದ ರೆಕ್ಕೆಯ ಬುಡಕ್ಕೆ ನೈಲಾನ್ ಬೋಲ್ಟು ಬಿಗಿಯುವುದು. ಇವುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಉತ್ತರ ಆಕಾಶದಲ್ಲಿಲ್ಲ, ನೆಲದಲ್ಲಿದೆ. ಇಳಿಯುವಾಗ ಒಂದು ರೆಕ್ಕೆಯ ತುದಿ ನೆಲಕ್ಕೆ ಸಿಕ್ಕಿಕೊಂಡರೆ ಗ್ಲೈಡರ್ ಅದರ ಸುತ್ತ ಗಿರ್ರನೆ ತಿರುಗುತ್ತದೆ. ಆಗ ರೆಕ್ಕೆ ತುಸು ಸರಿಯಲು ಅವಕಾಶವಿದ್ದರೆ ಪೆಟ್ಟಿನ ಬಹುಪಾಲು ಅಲ್ಲೇ ತೀರಿಹೋಗುತ್ತದೆ, ಉಕ್ಕಿನ ಬೋಲ್ಟಿನಿಂದ ಬಿಗಿದಿದ್ದರೆ ರೆಕ್ಕೆಯ ಬುಡವೋ ಒಡಲೋ ಸೀಳುತ್ತದೆ. ಸೊಲ್ಲಾಪುರ ಜಿಲ್ಲೆಯ ಕಂದಲಗಾಂವದಿಂದ ಅಕ್ಕಲಕೋಟೆಯವರೆಗಿನ ಎರೆಭೂಮಿಯಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ, ಏಕೆಂದರೆ ಹಿಂಗಾರಿ ಜೋಳ ಕೊಯ್ದ ಮೇಲೆ ಹೊಲದಲ್ಲಿ ಗಟ್ಟಿ ಕೂಳೆಗಳು ನಿಂತಿರುತ್ತವೆ, ಬೇಸಿಗೆಗೆ ನೆಲ ಬಿರುಕು ಬಿಟ್ಟಿರುತ್ತದೆ. ಇಂಥ ನೆಲಕ್ಕೆ ಸ್ಪ್ರಿಂಗ್ ಅಥವಾ ರಬ್ಬರಿನ ಹಿಡಿತವೇ ಸೂಕ್ತ. ಬೋಲ್ಟು ಬೇಕೇಬೇಕಾದರೆ ಪೆಟ್ಟಿಗೆ ತಾನು ಮುರಿದು ರೆಕ್ಕೆಯನ್ನು ಉಳಿಸುವಷ್ಟು ಸಣ್ಣ ನೈಲಾನ್ ಬೋಲ್ಟು ಇರಬೇಕು.

ಈ ಸೀಮೆಯ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಕಾದ ಕರಿನೆಲದಿಂದ ಏಳುವ ಏರುಗಾಳಿ ಗ್ಲೈಡರಿಗೆ ವರವಾದರೂ, ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಆ ಸೆಖೆಯಲ್ಲಿ ಟೇಪಿನ ಅಂಟು ಮೆತ್ತಗಾಗಿ ಜಾರುತ್ತದೆ, ಎರೆಮಣ್ಣಿನ ಧೂಳು ಕೂತ ಮೇಲ್ಮೈಗೆ ಅದು ಕಚ್ಚುವುದೇ ಇಲ್ಲ, ರಬ್ಬರು ಬಿಸಿಲಿಗೆ ಒಣಗಿ ಬಿರಿಯುತ್ತದೆ. ಕೊಳವೆಯನ್ನು ತೊಲೆಗೆ ಕೂರಿಸುವ ಎಪಾಕ್ಸಿ ಅಂಟು ಸಾಮಾನ್ಯ ಉಷ್ಣತೆಯಲ್ಲಿ ಗಟ್ಟಿಯಾದ ಬಗೆಯದಾಗಿದ್ದರೆ 50–60 ಡಿಗ್ರಿಯ ಹೊತ್ತಿಗೆ ಮೃದುವಾಗತೊಡಗುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ ಆ ಉಷ್ಣತೆ ಬರಲು ಹೆಚ್ಚು ಹೊತ್ತು ಬೇಡ. ರೆಕ್ಕೆಗಳನ್ನು ಬಿಳಿಬಟ್ಟೆಯ ಚೀಲದಲ್ಲಿಟ್ಟು ನೆರಳಿನಲ್ಲಿ ಸಾಗಿಸುವುದು, ಅಂಟಿಸುವ ಮುನ್ನ ಬುಡವನ್ನು ಸ್ಪಿರಿಟಿನಿಂದ ಒರೆಸುವುದು, ರಬ್ಬರನ್ನು ಆಗಾಗ ಬದಲಿಸುವುದು ಇಲ್ಲಿ ಅನಿವಾರ್ಯ.

ಮನುಷ್ಯರು ಕೂತು ಹಾರುವ ಗ್ಲೈಡರುಗಳ ರೆಕ್ಕೆಗಳೂ ಕಳಚುವಂಥವೇ. ಎರಡು ರೆಕ್ಕೆಗಳ ತೊಲೆಗಳ ತುದಿಗಳು ಒಡಲಿನೊಳಗೆ ಒಂದರ ಪಕ್ಕ ಒಂದು ಸೇರಿ, ಅವುಗಳ ಮೂಲಕ ದಪ್ಪನೆಯ ಮುಖ್ಯ ಪಿನ್ನು ಹಾದು, ಆ ಪಿನ್ನೇ ಜಾರದಂತೆ ಇನ್ನೊಂದು ಬೀಗ ಬೀಳುತ್ತದೆ. ಜೋಡಿಸಿದ ಮೇಲೆ ಒಬ್ಬರು ರೆಕ್ಕೆಯ ಅಂಚಿನ ಚಲಿಸುವ ಪಟ್ಟಿಯನ್ನು ಕೈಯಿಂದ ತಡೆದು ಹಿಡಿದಿರುವಾಗ ಇನ್ನೊಬ್ಬರು ಚಾಲಕನ ಕೋಲನ್ನು ಅಲ್ಲಾಡಿಸಿ ಕೊಂಡಿಗಳೆಲ್ಲ ನಿಜವಾಗಿ ಸೇರಿವೆಯೇ ಎಂದು ಪರೀಕ್ಷಿಸುವ ಕ್ರಮವಿದೆ. ಮಾದರಿಗಳಲ್ಲಿ ರೆಕ್ಕೆಯೊಳಗಿನ ಸರ್ವೋಗಳಿಗೆ, ಅಂದರೆ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟರುಗಳಿಗೆ, ವಿದ್ಯುತ್ ಕೊಡುವ ಪ್ಲಗ್ಗು ಇದೇ ಜೋಡಣೆಯಲ್ಲಿ ಇರುವುದರಿಂದ ಅದೇ ಪರೀಕ್ಷೆ ಇಲ್ಲಿಗೂ ಅನ್ವಯಿಸುತ್ತದೆ: ಎರಡೂ ರೆಕ್ಕೆಗಳನ್ನು ಹದವಾಗಿ ಹೊರಕ್ಕೆ ಜಗ್ಗಿ ನೋಡಬೇಕು, ಬಳಿಕ ಪ್ರತಿ ಪಟ್ಟಿ ಸರಿಯಾದ ದಿಕ್ಕಿಗೆ ತಿರುಗುವುದನ್ನು ಕಣ್ಣಾರೆ ಕಾಣಬೇಕು. ಹಾರಿಸುವ ಮುನ್ನ ಇನ್ನೊಂದು ಎಚ್ಚರವೂ ಬೇಕು: ಸೊಲ್ಲಾಪುರದ ಹೋಟಗಿ ರಸ್ತೆಯಲ್ಲಿ ವಿಮಾನ ನಿಲ್ದಾಣವಿರುವುದರಿಂದ ಹಾರಿಸುವ ಜಾಗ ನಿರ್ಬಂಧಿತ ವಲಯದಲ್ಲಿ ಬರುತ್ತದೆಯೇ ಎಂಬುದನ್ನು 2021ರ ಡ್ರೋನ್ ನಿಯಮಗಳ ಅನ್ವಯ ಪ್ರಕಟವಾಗಿರುವ ನಕ್ಷೆಯಲ್ಲಿ ಮೊದಲೇ ನೋಡಿಕೊಳ್ಳಬೇಕು.

ಒರಟಾಗಿ ಇಳಿದ ನಂತರದ ತಪಾಸಣೆ ಹಾರಾಟಕ್ಕೆ ಮುಂಚಿನ ಈ ಪರೀಕ್ಷೆಗಳಿಗಿಂತ ಮುಖ್ಯ. ಸರಳನ್ನು ಹೊರತೆಗೆದು ಸಮತಟ್ಟಾದ ಗಾಜಿನ ಮೇಲೆ ಉರುಳಿಸಿದರೆ ಅದು ಬಾಗಿದ್ದು ತಿಳಿಯುತ್ತದೆ. ಕಾರ್ಬನ್ನಿನದಾದರೆ ಉಗುರಿಗೆ ತಾಗುವ ಸೀಳನ್ನು ಹುಡುಕಬೇಕು. ಕೊಳವೆಯ ಬಾಯಿ ದುಂಡಗಿನಿಂದ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಅಥವಾ ಸರಳು ಒಳಗೆ ಟಕಟಕ ಸದ್ದು ಮಾಡಿದರೆ ಕೊಳವೆ ಕೆಟ್ಟಿದೆ ಇಲ್ಲವೇ ಅಂಟು ಬಿಟ್ಟಿದೆ ಎಂದು ಅರ್ಥ, ಮತ್ತು ದುರಸ್ತಿಯಾಗುವವರೆಗೆ ಆ ರೆಕ್ಕೆಯನ್ನು ಮತ್ತೆ ಹಾರಿಸಬಾರದು.