ನದಿಯ ಪಂಚಾಂಗ ತಪ್ಪಿದಾಗ

ಗೋಕಾಕ ಜಲಪಾತ ನೋಡಲು ಹೊರಟವರು ಬಸ್ಸಿನಲ್ಲೇ ಕೇಳುವ ಪ್ರಶ್ನೆ ಒಂದೇ: ‘ಫಾಲ್ಸಿಗೆ ನೀರ ಬಂದಾವೇನ್ರಿ?’ ಬಂದಿದ್ದರೆ ಘಟಪ್ರಭೆ 52 ಮೀಟರ್ ಎತ್ತರದ ಬಂಡೆಯಿಂದ ಕೆಂಪಾಗಿ ಧುಮುಕುತ್ತಿರುತ್ತದೆ. ತೂಗುಸೇತುವೆಯ ಮೇಲೆ ನಿಂತವರ ಮುಖಕ್ಕೆ ತುಂತುರು ರಾಚುತ್ತದೆ. ಬರದಿದ್ದರೆ ಬರಿಯ ಬಂಡೆ, ಅದರ ಮೇಲೊಂದು ತೆಳು ನೀರಿನ ಎಳೆ. ಒಂದೇ ನದಿ, ಒಂದೇ ಜಾಗ. ನಡುವಿನ ವ್ಯತ್ಯಾಸ ಕೆಲವು ವಾರಗಳದ್ದು ಮಾತ್ರ.

ಈ ಏರಿಳಿತ ಹೊಸದಲ್ಲ. ಇಲ್ಲಿನ ಗಿರಣಿಯವರು 1887ರಲ್ಲಿ ಬೀಳುವ ನೀರಿನ ಬಲದಿಂದ ಯಂತ್ರ ತಿರುಗಿಸತೊಡಗಿದಾಗಲೂ ಅದು ಇತ್ತು. ಆದರೆ ಅದಕ್ಕೊಂದು ಲೆಕ್ಕವಿತ್ತು. ಮಿರಗ ಮಳೆಗೆ ಬಿತ್ತನೆ, ಆರಿದ್ರಾ–ಪುನರ್ವಸುವಿಗೆ ಹೊಳೆಗೆ ಹೊಸ ನೀರು, ಪುಷ್ಯ–ಆಶ್ಲೇಷೆಗೆ ತುಂಬು ಹೊಳೆ, ದೀಪಾವಳಿಯ ಹೊತ್ತಿಗೆ ತಿಳಿನೀರು. ರೈತನ ಬಿತ್ತನೆ, ದೋಣಿಯವನ ದುಡಿಮೆ, ಕಾಲುವೆಯ ಸರದಿ ಎಲ್ಲವೂ ಈ ಪಂಚಾಂಗವನ್ನು ನಂಬಿದ್ದವು. ಹವಾಮಾನ ಬದಲಾವಣೆ ಎಂದಾಗ ಮಳೆ ಹೆಚ್ಚಾಯಿತೇ, ಕಡಿಮೆಯಾಯಿತೇ ಎಂದು ಕೇಳುವುದು ರೂಢಿ. ನದಿಯ ಮಟ್ಟಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆಯೇ ಇದೆ: ನೀರು ಯಾವಾಗ ಬರುತ್ತದೆ?

<b>ಹಿಮವೆಂಬ ಅಣೆಕಟ್ಟು</b>

ಈ ಪ್ರಶ್ನೆಯನ್ನು ವಿಜ್ಞಾನಿಗಳು ಹೆಚ್ಚು ಕಾಲದಿಂದ ಕೇಳುತ್ತಿರುವುದು ಉತ್ತರದ ಶೀತಪ್ರದೇಶದ ನದಿಗಳ ವಿಷಯದಲ್ಲಿ. ಅಲ್ಲಿಗೂ ಘಟಪ್ರಭೆಗೂ ಒಂದು ನಂಟುಂಟು. ಜಲಪಾತಕ್ಕಿಂತ ಮೇಲೆ, ಗೋಕಾಕ ತಾಲೂಕಿನ ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡು ಇದೆ. ಅದರ ಹಿನ್ನೀರಿನಲ್ಲಿರುವ ಪಕ್ಷಿಧಾಮಕ್ಕೆ ಚಳಿಗಾಲದಲ್ಲಿ ಬೂದುಬಣ್ಣದ ಡೆಮೊಸೆಲ್ ಕ್ರೇನ್ ಕೊಕ್ಕರೆಗಳು ಬರುತ್ತವೆ. ಇವು ಮರಿ ಮಾಡುವುದು ಮಂಗೋಲಿಯಾ ಮತ್ತು ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ. ಮಂಗೋಲಿಯಾದ ಉತ್ತರ ಭಾಗದ ನೀರು ಬೈಕಲ್ ಸರೋವರ ಸೇರಿ, ಅಲ್ಲಿಂದ ಯೆನಿಸೇ ನದಿಯ ಮೂಲಕ ಉತ್ತರ ಧ್ರುವದ ಕಡಲಿಗೆ ಹೋಗುತ್ತದೆ.

ಯೆನಿಸೇ, ಲೇನಾ, ಓಬ್ ಮುಂತಾದ ಸೈಬೀರಿಯಾದ ನದಿಗಳ ಮೇಲ್ಮೈ ಚಳಿಗಾಲವಿಡೀ ಗಡ್ಡೆಕಟ್ಟಿರುತ್ತದೆ. ಮಂಜಿನ ಹೊದಿಕೆಯ ಕೆಳಗೆ ಸಣ್ಣಗೆ ನೀರು ಹರಿಯುತ್ತದೆ. ಆರು ತಿಂಗಳು ಬಿದ್ದ ಹಿಮ ನೆಲದ ಮೇಲೆ ಹಾಗೆಯೇ ಕುಳಿತಿರುತ್ತದೆ. ಮೇ–ಜೂನ್‌ನಲ್ಲಿ ಬಿಸಿಲೇರಿದಾಗ ಅದೆಲ್ಲ ಕರಗಿ ಒಮ್ಮೆಲೇ ಹೊಳೆಗೆ ಇಳಿಯುತ್ತದೆ. ಅಂದರೆ ಹಿಮವೇ ಅಲ್ಲಿನ ಅಣೆಕಟ್ಟು. ಚಳಿಗಾಲದಲ್ಲಿ ಬಾಗಿಲು ಮುಚ್ಚುತ್ತದೆ, ವಸಂತದಲ್ಲಿ ತೆರೆಯುತ್ತದೆ. ಬಾಗಿಲ ಕೀಲಿ ಇರುವುದು ಉಷ್ಣತೆಯ ಕೈಯಲ್ಲಿ.

ಆ ಉಷ್ಣತೆ ಈಗ ಏರಿದೆ. ಕಳೆದ ನಾಲ್ಕು ದಶಕಗಳಲ್ಲಿ ಧ್ರುವಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ ಎಂದು 2022ರ ಅಧ್ಯಯನವೊಂದು ಲೆಕ್ಕ ಹಾಕಿತು. ಯುರೇಷಿಯಾದಿಂದ ಉತ್ತರ ಕಡಲಿಗೆ ಹರಿಯುವ ಆರು ದೊಡ್ಡ ನದಿಗಳ ವಾರ್ಷಿಕ ನೀರು 1936ರಿಂದ 1999ರ ನಡುವೆ ಶೇಕಡ 7ರಷ್ಟು ಹೆಚ್ಚಿತೆಂದು 2002ರಲ್ಲಿ ಪ್ರಕಟವಾದ ಲೆಕ್ಕ ಹೇಳುತ್ತದೆ. ನೀರು ಹೆಚ್ಚಿದರೆ ಒಳ್ಳೆಯದೇ ತಾನೆ ಎನ್ನಬಹುದು. ಆದರೆ ಹೆಚ್ಚಳದ ಜೊತೆಗೆ ಹೊತ್ತೂ ಬದಲಾಯಿತು. ಸದಾ ಹೆಪ್ಪುಗಟ್ಟಿರುತ್ತಿದ್ದ ನೆಲ ಸಡಿಲಗೊಂಡು ಅಂತರ್ಜಲಕ್ಕೆ ದಾರಿ ಬಿಟ್ಟದ್ದರಿಂದ ಎಷ್ಟೋ ನದಿಗಳಲ್ಲಿ ಚಳಿಗಾಲದ ಹರಿವು ಏರಿದೆ. ಹಿಮ ಬೇಗ ಕರಗಿ ವಸಂತದ ಪ್ರವಾಹ ಮುಂದಕ್ಕೆ ಸರಿದಿದೆ. ಫಿನ್ಲೆಂಡ್–ಸ್ವೀಡನ್ ಗಡಿಯ ಟೋರ್ನಿಯೋ ನದಿಯ ಮಂಜು ಒಡೆದ ದಿನವನ್ನು ಅಲ್ಲಿಯ ಜನ 1693ರಿಂದ ಬರೆದಿಟ್ಟಿದ್ದಾರೆ. ಆ ದಿನವೂ ಹಿಂದಿನ ಶತಮಾನಗಳಿಗಿಂತ ಬೇಗ ಬರುತ್ತಿದೆ.

<b>ಹಿಮವಿಲ್ಲದ ನಾಡಿನಲ್ಲಿ</b>

ಘಟಪ್ರಭೆಗೆ ಹಿಮವಿಲ್ಲ. ಅದರ ಹುಟ್ಟು ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ. ಉಪನದಿ ಹಿರಣ್ಯಕೇಶಿಯ ಉಗಮ ಅಂಬೋಲಿಯಲ್ಲಿ. ಅಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ. ಗೋಕಾಕದಲ್ಲಿ ಅದರ ಹತ್ತನೆಯ ಒಂದು ಪಾಲೂ ಬೀಳುವುದಿಲ್ಲ. ಆದ್ದರಿಂದ ಮೂಡಲಗಿಯ ಆಕಾಶ ನೋಡಿ ಹೊಳೆಯ ಭವಿಷ್ಯ ಹೇಳಲಾಗದು. ಮೇಲೆ ಮೋಡವೇ ಇಲ್ಲದ ದಿನವೂ ಕೆಳಗೆ ಹೊಳೆ ಉಕ್ಕಬಹುದು.

ಅಲ್ಲಿ ಹಿಮ ಮಾಡುವ ಕೆಲಸವನ್ನು ಇಲ್ಲಿ ಹಿಂದೆ ಘಟ್ಟದ ಕಾಡು, ಮಣ್ಣು ಮಾಡುತ್ತಿದ್ದವು: ಮಳೆಯನ್ನು ಹೀರಿ, ತಡೆದು, ಮೆಲ್ಲಗೆ ಬಿಡುವುದು. ಅವುಗಳ ಜೊತೆಗೆ ಮನುಷ್ಯ ಕಟ್ಟಿಕೊಂಡ ಹಿಮರಾಶಿ ಎಂದರೆ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ, ಅಂದರೆ ರಾಜಾ ಲಖಮಗೌಡ ಅಣೆಕಟ್ಟು. ಇದರ ಹೊಟ್ಟೆ 51 ಟಿಎಂಸಿ ಅಡಿ. ಮಳೆಗಾಲದ ನಾಲ್ಕು ತಿಂಗಳ ನೀರನ್ನು ಉಳಿದ ಎಂಟು ತಿಂಗಳಿಗೆ ಹಂಚುವುದೇ ಅದರ ಕೆಲಸ. ಬಲದಂಡೆ ಕಾಲುವೆ ಇಲ್ಲಿಂದಲೇ ಹೊರಡುತ್ತದೆ. ಎಡದಂಡೆಯದು ಕೆಳಗಿನ ಧೂಪದಾಳದಿಂದ. ಬೆಳಗಾವಿ ನಗರದ ಕುಡಿಯುವ ನೀರಿಗೂ ಇದೇ ಆಸರೆ.

ಮಳೆಯೇ ತನ್ನ ನಡೆ ಬದಲಿಸಿದರೆ? ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ತೇವಾಂಶ ಹಿಡಿಯಬಲ್ಲದು. ಹಿಡಿದದ್ದನ್ನು ಅದು ಸಮನಾಗಿ ಸುರಿಯುವುದಿಲ್ಲ. ಬಹಳ ದಿನ ತಡೆದು, ಬಂದಾಗ ಧೋ ಎಂದು ಬೀಳುವ ಮಳೆ ಹೆಚ್ಚುತ್ತದೆ. 1950ರಿಂದ 2015ರವರೆಗಿನ ಅವಧಿಯಲ್ಲಿ ಮಧ್ಯ ಭಾರತದ ಅಗಲವಾದ ಪಟ್ಟಿಯಲ್ಲಿ ವಿಶಾಲ ಪ್ರದೇಶವನ್ನು ಆವರಿಸುವ ಅತಿವೃಷ್ಟಿಯ ಸಂದರ್ಭಗಳು ಮೂರು ಪಟ್ಟಾದವೆಂದು 2017ರಲ್ಲಿ ಭಾರತೀಯ ವಿಜ್ಞಾನಿಗಳ ತಂಡ ತೋರಿಸಿತು.

2019 ಇದಕ್ಕೆ ಕನ್ನಡಿ. ಆ ವರ್ಷ ದೇಶದ ಜೂನ್ ಮಳೆ ವಾಡಿಕೆಗಿಂತ ಮೂರನೆಯ ಒಂದು ಪಾಲು ಕಡಿಮೆ. ಸೆಪ್ಟೆಂಬರ್ ಕೊನೆಗೆ ಲೆಕ್ಕ ಮುಗಿದಾಗ ವಾಡಿಕೆಗಿಂತ ಶೇಕಡ 10 ಹೆಚ್ಚು! ನಡುವೆ ಆಗಸ್ಟ್ ಮೊದಲ ವಾರ, ಮನೆಮನೆಯಲ್ಲಿ ನಾಗರ ಪಂಚಮಿಯ ಉಂಡೆ ಕಟ್ಟುವ ಹೊತ್ತಿಗೆ ಘಟಪ್ರಭೆ, ಮಾರ್ಕಂಡೇಯ ಎರಡೂ ಒಟ್ಟಿಗೆ ಉಕ್ಕಿದವು. ಗೋಕಾಕ ನಗರದ ಓಣಿಗಳಿಗೆ ನೀರು ನುಗ್ಗಿತು. ಲೋಳಸೂರ ಸೇತುವೆ ಮುಳುಗಿತು. ಮೂಡಲಗಿ ತಾಲೂಕಿನ ನದಿದಂಡೆಯ ಹಳ್ಳಿಗಳ ಜನ ದನಕರುಗಳ ಸಮೇತ ಊರು ಬಿಟ್ಟರು. 2021ರಲ್ಲಿ, 2024ರಲ್ಲಿ ಮತ್ತೆ ಹೊಳೆ ದಡ ಮೀರಿತು.

ಈ ಎರಡರ ನಡುವೆ ಬಂದದ್ದು 2023. ಜೂನ್‌ನಲ್ಲಿ ಮುಂಗಾರು ತಡವಾಗಿ, ಹಿಡಕಲ್ ಹಿನ್ನೀರು ಇಳಿದು, ಮುಳುಗಡೆಯಾಗಿದ್ದ ಹುನ್ನೂರಿನ ವಿಠ್ಠಲ ಮಂದಿರ ಬುಡದವರೆಗೆ ಕಾಣಿಸಿಕೊಂಡಿತು. ಜನ ಜಾತ್ರೆಯಂತೆ ಹೋಗಿ ಕೈಮುಗಿದರು. ದೇವರ ದರ್ಶನವಾಯಿತೆಂಬ ಸಂತೋಷದ ಹಿಂದೆ ಬಾವಿ ಬತ್ತಿದ ಚಿಂತೆಯೂ ಇತ್ತು. ಆ ವರ್ಷದ ಆಗಸ್ಟ್ ದೇಶದಲ್ಲಿ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಆಯಿತು. ಕರ್ನಾಟಕದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು.

<b>ಬಾಗಿಲು ತೆರೆಯಬೇಕೇ, ಮುಚ್ಚಬೇಕೇ?</b>

ಎಲ್ಲ ತೊಡಕೂ ಈಗ ಒಂದು ಕಡೆ ಬಂದು ನಿಲ್ಲುತ್ತದೆ: ಹಿಡಕಲ್ಲಿನ ಗೇಟಿನ ಬಳಿ. ಜುಲೈ ಕೊನೆಯಲ್ಲಿ ಜಲಾಶಯ ಮುಕ್ಕಾಲು ತುಂಬಿದೆ ಎನ್ನೋಣ. ಬೇಸಿಗೆಯ ಕಬ್ಬಿಗೆ, ಕುಡಿಯುವ ನೀರಿಗೆ ಬೇಕೆಂದು ಪೂರ್ತಿ ತುಂಬಿಸಿಕೊಂಡರೆ, 2019ರಂಥ ಮಳೆ ಬಂದಾಗ ಹಿಡಿಯಲು ಜಾಗವಿರುವುದಿಲ್ಲ. ಬಂದಷ್ಟನ್ನೂ ಕೆಳಗೆ ಬಿಡಬೇಕು. ನೆರೆಗೆಂದು ಜಾಗ ಖಾಲಿ ಇಟ್ಟರೆ, 2023ರಂಥ ಆಗಸ್ಟ್ ಬಂದಾಗ ಬಿಟ್ಟ ನೀರು ತಿರುಗಿ ಬರುವುದಿಲ್ಲ. ಗೋಕಾಕದ ತಗ್ಗು ಓಣಿಯವರ ಭಯವೂ ನ್ಯಾಯವೇ, ಕಾಲುವೆಯ ಕೊನೆಯಲ್ಲಿರುವ ರೈತನ ಭಯವೂ ನ್ಯಾಯವೇ. ಹಳೆಯ ಪಂಚಾಂಗ ನಂಬಿಕೆಗೆ ಅರ್ಹವಾಗಿದ್ದಾಗ ಇಬ್ಬರನ್ನೂ ಸಮಾಧಾನಪಡಿಸುವುದು ಇಷ್ಟು ಕಷ್ಟವಿರಲಿಲ್ಲ.

ಜಲಾಶಯದ ಕೈಗೆ ಸಿಗದ ನೀರೂ ಉಂಟು. ಹಿರಣ್ಯಕೇಶಿ ಸಂಕೇಶ್ವರದ ಬದಿಯಿಂದ ಬಂದು ಅಣೆಕಟ್ಟಿನ ಕೆಳಗೆ ಘಟಪ್ರಭೆಯನ್ನು ಕೂಡುತ್ತದೆ. ಮಾರ್ಕಂಡೇಯಕ್ಕೆ ಹುಕ್ಕೇರಿ ತಾಲೂಕಿನ ಶಿರೂರಿನಲ್ಲಿ ಬೇರೆಯೇ ಅಣೆಕಟ್ಟು ಇದೆ; ಆ ನದಿ ಸೇರುವುದು ಗೋಕಾಕದ ಹತ್ತಿರ. ಮೂರೂ ಒಂದೇ ದಿನ ಏರಿದರೆ ಹಿಡಕಲ್ ಒಂದರಿಂದಲೇ ಗೋಕಾಕವನ್ನು ಕಾಯಲಾಗದು.

ಹಾಗೆಂದು ಪ್ರತಿ ನೆರೆಯನ್ನೂ ಹವಾಮಾನದ ಖಾತೆಗೇ ಬರೆದುಬಿಡುವುದು ಸರಿಯಲ್ಲ. ತಗ್ಗಿನ ಸೇತುವೆ, ಹೊಳೆಯ ಪಾತ್ರಕ್ಕೆ ಒತ್ತಿದ ಮನೆ–ಹೊಲ, ತುಂಬಿದ ಹೂಳು ಇವು ಮನುಷ್ಯನ ಕೈಕೆಲಸ. ತಿದ್ದಿಕೊಳ್ಳುವುದೂ ಅವನ ಕೈಯಲ್ಲೇ ಇದೆ. ಮಹಾರಾಷ್ಟ್ರದ ಘಟ್ಟದಲ್ಲಿ ಬಿದ್ದ ಮಳೆಯ ಸುದ್ದಿ ಕೆಳಗಿನ ಊರುಗಳಿಗೆ ನೀರಿಗಿಂತ ಮೊದಲು ತಲುಪಬೇಕು. ಜಲಾಶಯ ತುಂಬಿಸುವ ಕ್ರಮ ಹಳೆಯ ಸರಾಸರಿಗೆ ಅಂಟಿಕೊಳ್ಳದೆ, ಮುನ್ಸೂಚನೆ ನೋಡಿ ವಾರವಾರವೂ ಬದಲಾಗುವಂತಿರಬೇಕು. ಬೇಸಿಗೆಯಲ್ಲಿ ಕಬ್ಬಿನ ದಾಹ ತಗ್ಗಿದರೆ ಜಲಾಶಯದಲ್ಲಿ ನೆರೆಗೆಂದು ತುಸು ಜಾಗ ಬಿಡುವ ಧೈರ್ಯವೂ ಬಂದೀತು.

ಟೋರ್ನಿಯೋ ದಂಡೆಯವರು ಮುನ್ನೂರು ವರ್ಷ ಒಂದು ದಿನಾಂಕವನ್ನು ಬಿಡದೆ ಬರೆದಿಟ್ಟರು. ಅದರಿಂದಲೇ ತಮ್ಮ ನದಿ ಬದಲಾದದ್ದು ಅವರಿಗೆ ತಿಳಿಯಿತು. ಘಟಪ್ರಭೆಯ ದಂಡೆಯ ಹಿರಿಯರಿಗೂ ಯಾವ ಮಳೆಗೆ ಯಾವ ಕಲ್ಲು ಮುಳುಗುತ್ತಿತ್ತು ಎಂಬುದು ಗೊತ್ತು. ಆ ನೆನಪನ್ನು ಬರೆದಿಡುವ ಕೆಲಸಕ್ಕೆ ದೊಡ್ಡ ಯಂತ್ರ ಬೇಕಿಲ್ಲ, ಊರ ಶಾಲೆಯ ಒಂದು ವಹಿ ಸಾಕು. ‘ನೀರ ಬಂದಾವೇನ್ರಿ?’ ಎನ್ನುವ ಜೊತೆಗೆ ‘ಹೋದ ವರ್ಷ ಯಾವಾಗ ಬಂದಿದ್ದವು?’ ಎಂದೂ ಕೇಳುವ ಕಾಲ ಇದು.