ಬೇರಿನಲ್ಲಿ ಬೆಳೆಯುವ ಮರ

‘ಗ್ಯಾಸ್ ಬುಕ್ ಮಾಡಲು ಫೋನ್ ಮಾಡಿದರೆ ಸಾಕು, ನಂಬರ್ ನೋಡಿಯೇ ನನ್ನ ಹೆಸರು, ವಿಳಾಸ ಹೇಳುತ್ತಾರೆ. ಕೋಟಿಗಟ್ಟಲೆ ಗ್ರಾಹಕರಲ್ಲಿ ನನ್ನನ್ನು ಹುಡುಕುವಷ್ಟು ವೇಗವೇ ಕಂಪ್ಯೂಟರಿಗೆ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಪ್ರೊಸೆಸರಿಗೆ ವೇಗವಿದೆ, ನಿಜ. ಆದರೆ ಮಾಹಿತಿ ಕೂತಿರುವುದು ಡಿಸ್ಕಿನಲ್ಲಿ, ಅದು ಮಹಾ ನಿಧಾನಿ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ಹೆಡ್ ಸರಿದು, ಬೇಕಾದ ಜಾಗ ಅದರ ಕೆಳಗೆ ಬರುವ ಹೊತ್ತಿಗೆ ಸುಮಾರು 10 ಮಿಲಿಸೆಕೆಂಡು ಕಳೆದಿರುತ್ತದೆ. ಅಷ್ಟರಲ್ಲಿ ಮೆಮೊರಿಯನ್ನು ಲಕ್ಷ ಸಲ ಓದಬಹುದು. ಎಸ್‌ಎಸ್‌ಡಿ ಬಂದ ಮೇಲೆ ಈ ಅಂತರ ತಗ್ಗಿದೆ, ಅಳಿದಿಲ್ಲ. ಹಾಗಾಗಿ ಡೇಟಾಬೇಸ್ ಕಟ್ಟುವವರು ಎಣಿಸುವುದು ಒಂದನ್ನೇ: ಡಿಸ್ಕನ್ನು ಎಷ್ಟು ಸಲ ಮುಟ್ಟಬೇಕು? ಕ್ರಮವಾಗಿ ಜೋಡಿಸಿದ ನೂರು ಕೋಟಿ ನಂಬರುಗಳನ್ನು ಅರ್ಧರ್ಧ ಮಾಡುತ್ತಾ ಹುಡುಕಿದರೆ 30 ಹೆಜ್ಜೆ ಬೇಕು. ಒಬ್ಬರಿಗಾದರೆ ಸರಿ, ಸಾವಿರ ಜನ ಒಟ್ಟಿಗೆ ಫೋನ್ ಮಾಡಿದರೆ?

1970ರಲ್ಲಿ ಬೋಯಿಂಗ್ ವಿಮಾನ ಕಂಪನಿಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಇದಕ್ಕೆ ಬಿ-ಟ್ರೀ ಎಂಬ ಮರವನ್ನು ಕಂಡುಕೊಂಡರು. ಡಿಸ್ಕಿನಿಂದ ಹೇಗೂ ಒಂದಿಡೀ ಪುಟವೇ ಬರುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಈ ಪುಟ 8 ಕಿಲೋಬೈಟ್, ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿಯಲ್ಲಿ 16. ಅಷ್ಟು ಜಾಗವಿರುವಾಗ ಎರಡೇ ಕವಲೇಕೆ, ಐನೂರು ಇರಲಿ! ಮೂರು ಮಟ್ಟಕ್ಕೆ ಹನ್ನೆರಡೂವರೆ ಕೋಟಿ ಆಯಿತು, ನಾಲ್ಕನೆಯದಕ್ಕೆ ನೂರು ಕೋಟಿ ಎಲ್ಲೋ ಹಿಂದೆ ಉಳಿಯಿತು. ಮೇಲಿನ ಮಟ್ಟಗಳು ಸಾಮಾನ್ಯವಾಗಿ ಮೆಮೊರಿಯಲ್ಲೇ ಇರುವುದರಿಂದ ಡಿಸ್ಕ್ ಮುಟ್ಟುವುದು ಇನ್ನೂ ಕಡಿಮೆ.

ನನ್ನನ್ನು ಮರುಳು ಮಾಡಿರುವುದು ಈ ಲೆಕ್ಕವಲ್ಲ, ಮರ ಬೆಳೆಯುವ ರೀತಿ. ಗೀತೆಯ ಅಶ್ವತ್ಥದಂತೆ ಇದಕ್ಕೆ ಬೇರು ಮೇಲೆ, ಎಲೆ ಕೆಳಗೆ. ಹಿತ್ತಲಿನ ಮರಗಳು ತುದಿಯಲ್ಲಿ ಚಿಗುರಿದರೆ ಇದು ಬೇರಿನಲ್ಲಿ ಬೆಳೆಯುತ್ತದೆ! ಎಲೆಯ ಪುಟ ತುಂಬಿದಾಗ ಅದು ಎರಡಾಗಿ ಸೀಳಿ, ಎರಡನ್ನೂ ಬೇರ್ಪಡಿಸುವ ನಂಬರನ್ನು ಮೇಲಿನ ಪುಟಕ್ಕೆ ಕಳಿಸುತ್ತದೆ. ಅಲ್ಲೂ ಜಾಗವಿಲ್ಲದಿದ್ದರೆ ಅದೂ ಸೀಳುತ್ತದೆ. ಸೀಳು ಏರುತ್ತಾ ಬೇರನ್ನೇ ಮುಟ್ಟಿತೆನ್ನಿ, ಆಗ ಹಳೆಯ ಬೇರಿನ ತಲೆಯ ಮೇಲೆ ಹೊಸ ಬೇರು ಹುಟ್ಟುತ್ತದೆ. ಮರ ಎತ್ತರವಾಗುವುದು ಆಗ ಮಾತ್ರ, ಅದೂ ಎಲ್ಲ ಎಲೆಗಳಿಗೂ ಒಟ್ಟಿಗೆ. ಹಾಗಾಗಿ ಯಾವ ಎಲೆಯೂ ಇನ್ನೊಂದಕ್ಕಿಂತ ಬೇರಿನಿಂದ ದೂರವಾಗುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ನೋಂದಾಯಿಸಿದವರಿಗೂ ನಿನ್ನೆ ಸೇರಿದವರಿಗೂ ಅದೇ ನಾಲ್ಕು ಹೆಜ್ಜೆ.

ಆಯುಧಪೂಜೆಯಂದು ಸರ್ವರ್ ಕಂಪ್ಯೂಟರಿಗೆ ಕುಂಕುಮ ಹಚ್ಚುವವರ ಮೇಲೆ ನನಗೆ ತಕರಾರಿಲ್ಲ, ಚರುಪಾದರೂ ಸಿಗುತ್ತದೆ. ಸಿಟ್ಟು ಬರುವುದು ‘ನಿಧಾನವಾಯಿತೇ? ಇನ್ನೊಂದು ಇಂಡೆಕ್ಸ್ ಹಾಕಿ’ ಎಂಬ ಮಂತ್ರಕ್ಕೆ. ಒಂದೊಂದು ಇಂಡೆಕ್ಸೂ ಇಂಥ ಒಂದೊಂದು ಮರ. ಹತ್ತು ಇಂಡೆಕ್ಸ್ ಹಾಕಿದ ಟೇಬಲ್ಲಿಗೆ ಒಂದು ಹೊಸ ಸಾಲು ಸೇರಿಸಿದರೆ ಹತ್ತು ಮರಗಳನ್ನೂ ತಿದ್ದಬೇಕು. ಒಂದು ಕಚೇರಿಯಲ್ಲಿ ಗಂಡು-ಹೆಣ್ಣು ಎಂಬ ಕಾಲಮ್ಮಿಗೂ ಇಂಡೆಕ್ಸ್ ಹಾಕಿದ್ದರು! ಅರ್ಧ ಟೇಬಲ್ಲೇ ಉತ್ತರವಾಗಿರುವಾಗ ಪುಟದಿಂದ ಪುಟಕ್ಕೆ ನೆಗೆದು ಹೆಕ್ಕುವುದಕ್ಕಿಂತ ಮೊದಲಿನಿಂದ ಕೊನೆವರೆಗೆ ಸುಮ್ಮನೆ ಓದಿಬಿಡುವುದೇ ಬೇಗ. ಡೇಟಾಬೇಸಿನೊಳಗಿನ ಆಪ್ಟಿಮೈಸರಿಗೆ ಇದು ಗೊತ್ತು. ಪ್ರತಿ ದಾರಿಯ ಖರ್ಚನ್ನು ಅಂದಾಜಿಸಿ ಅಗ್ಗದ್ದನ್ನು ಹಿಡಿಯುವ ವಿದ್ಯೆಯನ್ನು ಐಬಿಎಂನ ಪ್ಯಾಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲೇ ಪ್ರಕಟಿಸಿದ್ದರು. ಇಂದಿನ ಡೇಟಾಬೇಸುಗಳೂ ಬಹುಮಟ್ಟಿಗೆ ಅದೇ ಜಾಡಿನಲ್ಲಿವೆ. ದುಬಾರಿ ಎನಿಸಿದರೆ ನಿಮ್ಮ ಇಂಡೆಕ್ಸನ್ನು ಅದು ಮೂಸಿಯೂ ನೋಡುವುದಿಲ್ಲ.

ನೋಡುತ್ತದೋ ಇಲ್ಲವೋ ತಿಳಿಯಲು ಜ್ಯೋತಿಷ್ಯ ಬೇಕಿಲ್ಲ. ಪ್ರಶ್ನೆಯ ಮುಂದೆ ‘ಎಕ್ಸ್‌ಪ್ಲೇನ್’ ಎಂದು ಸೇರಿಸಿದರೆ ತಾನು ಹಿಡಿಯಲಿರುವ ದಾರಿಯನ್ನು ಅದೇ ಬರೆದು ತೋರಿಸುತ್ತದೆ. ಆ ಕಚೇರಿಯಲ್ಲಿ ಹಾಗೆ ಕೇಳಿ ನೋಡಿದೆವು. ಹುಡುಕುವಾಗ ಯಾವ ಪ್ರಶ್ನೆಯೂ ಆ ಇಂಡೆಕ್ಸನ್ನು ಮುಟ್ಟುತ್ತಿರಲಿಲ್ಲ, ಹೊಸಬರನ್ನು ಸೇರಿಸುವಾಗ ಮಾತ್ರ ಅದನ್ನು ತಪ್ಪದೆ ತಿದ್ದಲಾಗುತ್ತಿತ್ತು.